ಯುದ್ಧದ ನಡುವೆ ಉಕ್ರೇನ್ ಚುನಾವಣೆ: ನಿಮ್ಮ ಚರ್ಚಾಸ್ಪರ್ಧೆಯ ಪ್ರಶ್ನೆಗೆ

ಯುದ್ಧ ನಡೆಯುವಾಗ ಉಕ್ರೇನಿನಲ್ಲಿ ಚುನಾವಣೆ ನಡೆಸುವಂತಿಲ್ಲ ಅಂತಾರಲ್ಲ, ಆ ನಿಷೇಧ ಎಲ್ಲಿದೆ ಅಂತ ಕೇಳಿದ್ದೀರಿ. ನೀವು ಬಹುಶಃ ಸಂವಿಧಾನವನ್ನಷ್ಟೇ ಹುಡುಕಿದ್ದೀರಿ, ಅದಕ್ಕೇ ಅದು ಸಿಕ್ಕಿಲ್ಲ. ಅದಿರುವುದು ಉಕ್ರೇನಿನ ಮಾರ್ಷಲ್ ಲಾ (ಯುದ್ಧಕಾಲದ ವಿಶೇಷ ಆಡಳಿತ) ಕಾಯ್ದೆಯಲ್ಲಿ. ಮೊದಲು ಅದರ 19ನೇ ಸೆಕ್ಷನ್ ಓದಿ: ಚುನಾವಣೆಯೂ ಇಲ್ಲ, ಜನಮತಗಣನೆಯೂ ಇಲ್ಲ. ಆಮೇಲೆ ಸಂವಿಧಾನದ 83ನೇ ವಿಧಿ. ಮಾರ್ಷಲ್ ಲಾ ಇರುವಾಗ ಸಂಸತ್ತಿನ ಅವಧಿ ತಾನಾಗೇ ಮುಂದುವರಿಯುತ್ತದೆ ಅಂತ ಅಲ್ಲಿ ಬಿಡಿಸಿ ಹೇಳಿದ್ದಾರೆ.

ಅಧ್ಯಕ್ಷರ ವಿಷಯ ಅಷ್ಟು ಸಲೀಸಲ್ಲ. ಝೆಲೆನ್‌ಸ್ಕಿಯ ಐದು ವರ್ಷ 2024ರ ಮೇ 20ಕ್ಕೇ ಮುಗಿಯಿತು. ಹೊಸಬರು ಅಧಿಕಾರ ವಹಿಸುವವರೆಗೆ ಹಳಬರೇ ಅಂತ 108ನೇ ವಿಧಿ ಹೇಳುತ್ತದೆ, ಆದರೆ ಯುದ್ಧದ ಮಾತೇ ಅಲ್ಲಿಲ್ಲ. ಕಾನೂನು ಬಲ್ಲವರಲ್ಲೇ ಇದಕ್ಕೆ ಒಮ್ಮತವಿಲ್ಲ. ಎದುರಾಳಿ ಹಿಡಿಯುವುದೂ ಇಲ್ಲೇ, ಹುಷಾರು. ಸುಮ್ನೆ ವಾದ ಬೆಳೆಸದೆ, ಒಮ್ಮತವಿಲ್ಲ ಅನ್ನೋದನ್ನ ಒಪ್ಪಿಕೊಳ್ಳಿ. 'ಸಂವಿಧಾನ ತಿದ್ದಬಹುದಲ್ವಾ?' ಅಂದರೆ 157ನೇ ವಿಧಿ ತೋರಿಸಿ. ಮಾರ್ಷಲ್ ಲಾ ಇರುವಾಗ ತಿದ್ದುಪಡಿಗೂ ಅವಕಾಶವಿಲ್ಲ.