ಓದುಗರ ಪ್ರಶ್ನೆ: ಗವಾನ್ ಮದರಸವನ್ನು ನೋಡುವುದು ಹೇಗೆ?

ಪ್ರಶ್ನೆ: ಮಕ್ಕಳನ್ನು ಕರೆದುಕೊಂಡು ಮಧ್ಯಾಹ್ನ ಬೀದರಿನ ಮಹಮೂದ್ ಗವಾನ್ ಮದರಸಕ್ಕೆ ಹೋಗಿದ್ದೆವು. ಒಂದು ಕಡೆ ಬಿದ್ದ ಕಟ್ಟಡ, ಅಲ್ಲಲ್ಲಿ ನೀಲಿ ಬಿಲ್ಲೆ (ಟೈಲ್ಸ್). ಹದಿನೈದು ನಿಮಿಷಕ್ಕೆ ಹೊರಬಂದೆವು. ಮತ್ತೆ ಹೋದರೆ ಏನು ನೋಡಬೇಕು?
– ಓದುಗರು, ಹುಮನಾಬಾದ್

ಉತ್ತರ: ಮೊದಲು ಹೊತ್ತು ಬದಲಿಸಿ. ಮದರಸದ ಮುಖ ಪೂರ್ವಕ್ಕಿದೆ. ಮಧ್ಯಾಹ್ನದ ಮೇಲೆ ಅದು ನೆರಳಿಗೆ ಬೀಳುತ್ತದೆ, ಬಣ್ಣ ಮಂಕಾಗುತ್ತದೆ. ಬೆಳಗ್ಗೆ ಒಂಬತ್ತರೊಳಗೆ ಹೋಗಿ.

ನೇರ ಒಳಗೆ ಹೋಗಬೇಡಿ. ಮೀನಾರಿನ ಎತ್ತರ ಸುಮಾರು 130 ಅಡಿ. ಬುಡದಲ್ಲಿ ನಿಂತರೆ ಕತ್ತು ನೋಯುತ್ತದೆಯೇ ಹೊರತು ಆಕಾರ ಕಾಣದು. ಎತ್ತರ ಎಷ್ಟೋ ಅಷ್ಟು ದೂರ, ಅಂದರೆ ಐವತ್ತು ಹೆಜ್ಜೆ, ಹಿಂದೆ ಸರಿಯಿರಿ. ಈಗಿರುವುದು ಬಲಗಡೆಯ, ಅಂದರೆ ಉತ್ತರದ ಮೀನಾರು. ಅಂಥದ್ದೇ ಇನ್ನೊಂದು ಎಡತುದಿಯಲ್ಲಿತ್ತು. ಬಹಮನಿ ಮಂತ್ರಿ ಗವಾನ್ 1472ರಲ್ಲಿ ಕಟ್ಟಿಸಿದ ಈ ವಿದ್ಯಾಲಯದೊಳಗೆ ಮೊಘಲರ ಕಾಲದಲ್ಲಿ ಸಿಡಿಮದ್ದು ತುಂಬಿಟ್ಟಿದ್ದರು. 17ನೇ ಶತಮಾನದ ಕೊನೆಗೆ ಅದು ಸಿಡಿದು ಆ ಮೂಲೆ ಹಾರಿಹೋಯಿತು. ಮುಂಭಾಗದ ಎಡ–ಬಲ ಒಂದಕ್ಕೊಂದು ಹೊಂದುವಂತೆ ಕಟ್ಟಿದ್ದರಿಂದ, ಉಳಿದದ್ದನ್ನು ನೋಡಿ ಕಳೆದದ್ದನ್ನು ಊಹಿಸಬಹುದು. ಮಕ್ಕಳು ಮಡಚಿದ ಹಾಳೆಯ ಬಲಕ್ಕೆ ಪೆನ್ಸಿಲಿನಿಂದ ಒತ್ತಿ ಚಿತ್ರ ಬರೆಯಲಿ. ಹಾಳೆ ಮಡಚಿ ಉಜ್ಜಿದರೆ ಎಡಗಡೆಯೂ ಮೂಡುತ್ತದೆ. ಇದಕ್ಕಿಂತ ಒಳ್ಳೆಯ ಪಾಠ ಅಲ್ಲಿಲ್ಲ.

ಆಮೇಲೆ ಬಿಲ್ಲೆ. ಗವಾನ್ ಇರಾನಿನ ಗಿಲಾನ್ ಪ್ರಾಂತ್ಯದವನು. ಆ ಕಡೆಯ ಮದರಸಗಳ ಮಾದರಿಯನ್ನೇ ಇಲ್ಲಿಗೆ ತಂದ. ಮೀನಾರಿನ ಮೈಮೇಲಿನ ಅಂಕುಡೊಂಕು ಪಟ್ಟಿಗಳನ್ನು, ಗೋಡೆಯ ಮೇಲ್ತುದಿಯ ಕುರಾನಿನ ಅಕ್ಷರಸಾಲನ್ನು ದುರ್ಬೀನಿನಲ್ಲಿ ನೋಡಿ. ಇಲ್ಲವೇ ಮೊಬೈಲಿನಲ್ಲಿ ಜೂಮ್ ಮಾಡಿ. ಬಿಲ್ಲೆಗಳು ಗಾರೆಯ ಹಾಸಿನ ಮೇಲೆ ಕೂತಿವೆ. ಸಂದಿಗೆ ಮಳೆನೀರು ಇಳಿದರೆ ಗಾರೆ ಹಿಡಿತ ಬಿಡುತ್ತದೆ, ನೀರು ಆರುವಾಗ ಉಪ್ಪು ಒಳಗಿನಿಂದ ತಳ್ಳುತ್ತದೆ. ಬಿಸಿಲಿಗೆ ಬಿಲ್ಲೆಯೂ ಗಾರೆಯೂ ಒಂದೇ ಸಮ ಹಿಗ್ಗುವುದಿಲ್ಲ. ಒಂದು ಉದುರಿತೆಂದರೆ ಪಕ್ಕದ್ದರ ಅಂಚು ಬಯಲಾಗಿ ಅದೂ ಸಡಿಲವಾಗುತ್ತದೆ. ಆದ್ದರಿಂದ ಉಗುರಿನಿಂದ ಕೆದಕುವುದಿರಲಿ, ಮುಟ್ಟಲೂಬೇಡಿ.

ಒಳಗೆ ಅಂಗಳದ ನಡುವೆ ನಿಂತು ಒಂದು ಸುತ್ತು ತಿರುಗಿ. ಮೂರು ಅಂತಸ್ತಿನ ಕೋಣೆಗಳ ನಡುವೆ ನೆಲದಿಂದ ಮೇಲಿನವರೆಗೆ ಏರಿದ ದೊಡ್ಡ ಕಮಾನು ಕಂಡರೆ, ಅದು ಪಾಠದ ಹಜಾರ. ಒಂದೂವರೆ ಗಂಟೆ ಬೇಕು.

ಪ್ರಶ್ನೆ: ಕಲಬುರಗಿ ಕೋಟೆಯ ಜಾಮಾ ಮಸೀದಿಗೆ ಅಂಗಳವಿಲ್ಲ. ಬೆಳಕು ಎಲ್ಲಿಂದ?
– ಓದುಗರು, ಶಹಾಪುರ

ಉತ್ತರ: ಪಕ್ಕಗಳಿಂದ. 1367ರ ಈ ಮಸೀದಿಯನ್ನು ಪೂರ್ತಿ ಚಾವಣಿ ಹಾಕಿ ಕಟ್ಟಿದ್ದಾರೆ. ಅದಕ್ಕೇ ಅಂಚಿನ ಮೊಗಸಾಲೆಗಳ ಕಮಾನುಗಳು ತೀರ ಅಗಲ, ಅವು ಹೊರಡುವ ಕಂಬಗಳು ಗಿಡ್ಡ. ಬೆಳಕು ಅಡ್ಡಲಾಗಿ ಒಳಗೆ ಹರಿಯುತ್ತದೆ. ಮೂಲೆಯಲ್ಲಿ ನಿಂತು ಮೊಗಸಾಲೆಯ ಉದ್ದಕ್ಕೂ ನೋಡಿ, ಕಮಾನಿನೊಳಗೆ ಕಮಾನು ಕಾಣುತ್ತದೆ. ಹೊರಬಿಸಿಲಿನಿಂದ ಬಂದ ತಕ್ಷಣ ಫೋಟೋಕ್ಕೆ ಕೈ ಹಾಕಬೇಡಿ. ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಬೇಕು.