ಕಪ್ಪು ಕಡ್ಡಿ ಮೊದಲು ಅವಳ ಕೈಗೆ ಕೊಡಿ

ರೋಣ ತಾಲ್ಲೂಕಿನ ನಿವೃತ್ತ ಮಾಸ್ತರರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಗುರುತು ಸಿಗುವ ವಿವರಗಳನ್ನು ತೆಗೆದು ಸಾರಾಂಶವನ್ನಷ್ಟೇ ಕೊಡುತ್ತಿದ್ದೇವೆ:

"ನನ್ನ ತಮ್ಮನ ಮಗಳ ಗಂಡ ಕಳೆದ ವರ್ಷ ಬೈಕ್ ಅಪಘಾತದಲ್ಲಿ ಅವಳ ಕಣ್ಣೆದುರೇ ತೀರಿಕೊಂಡ. ಹುಡುಗಿ ಈಗ ತವರಿನಲ್ಲಿದ್ದಾಳೆ. ಮಾತಿಲ್ಲ, ನಿದ್ದೆಯಿಲ್ಲ, ಲಾರಿ ಹಾರ್ನ್ ಕೇಳಿದರೆ ಬೆಚ್ಚುತ್ತಾಳೆ. ಧಾರವಾಡದಲ್ಲಿ ವೈದ್ಯರು ಗುಳಿಗೆ ಕೊಟ್ಟಿದ್ದಾರೆ, ಅದು ಸರಿ. ಆದರೆ ಅಲ್ಲಿಯ ಆಪ್ತ ಸಮಾಲೋಚಕಿ ಡ್ರಾಯಿಂಗ್ ಪುಸ್ತಕ, ಬಣ್ಣದ ಕಡ್ಡಿ ಕೊಟ್ಟು ಕಳಿಸಿದ್ದಾರೆ. ಪುಟಗಟ್ಟಲೆ ಬರೀ ಕಪ್ಪು ಗೀಚುತ್ತಾಳೆ. ಅಪಶಕುನವೆಂದು ಮನೆಯ ಹೆಂಗಸರು ಕಪ್ಪು ಕಡ್ಡಿಯನ್ನೇ ಬಚ್ಚಿಟ್ಟಿದ್ದಾರೆ. ಚಿತ್ರ ಬರೆದರೆ ಇಂಥ ಗಾಯ ಮಾಯುತ್ತದೆಯೇ? ಮರೆಯಬೇಕಾದ್ದನ್ನು ಕೆರೆದು ಹಸಿ ಮಾಡಿದಂತಾಗುವುದಿಲ್ಲವೇ? ನಿಮ್ಮ ಪತ್ರಿಕೆ ಕಲೆಯನ್ನು ಬಹಳ ಹೊಗಳುತ್ತದೆ, ಅದಕ್ಕೇ ಕೇಳಿದೆ."

ಮಾನ್ಯ ಮಾಸ್ತರರೇ,

ಈ ಉತ್ತರ ಓದಿ ಮುಗಿಸುವ ಮೊದಲೇ ಒಂದು ಕೆಲಸ ಆಗಲಿ. ಆ ಕಪ್ಪು ಕಡ್ಡಿಯನ್ನು ಅವಳ ಕೈಗೆ ಕೊಡಿಸಿ. ಬಚ್ಚಿಟ್ಟವರ ಕಾಳಜಿ ನಮಗೆ ಅರ್ಥವಾಗುತ್ತದೆ. ಆದರೂ ಅವರಿಂದ ಆದದ್ದು ಅನ್ಯಾಯ. ಯಾರನ್ನೂ ಕೇಳದೆ ಅವಳ ಬದುಕಿನಿಂದ ಎಷ್ಟೋ ಹೋಗಿದೆ. ಈಗ ಅವಳ ಮಾತು ನಡೆಯುವ ಜಾಗವೆಂದರೆ ಆ ಹಾಳೆಯೊಂದೇ. ಅಲ್ಲಿಂದಲೂ ಕೇಳದೆ ಕಿತ್ತುಕೊಂಡಂತಾಯಿತು.

ಕಪ್ಪೆಂದರೆ ದುಃಖ, ಕೆಂಪೆಂದರೆ ಸಿಟ್ಟು ಎಂಬ ಪಟ್ಟಿಗಳು ಭಾನುವಾರದ ಪುರವಣಿಗಳಲ್ಲಿ ಆಗಾಗ ಬರುತ್ತವೆ. ಈ ಕೆಲಸ ಬಲ್ಲವರು ಹಾಗೆ ಓದುವುದಿಲ್ಲ, ಯಾವ ಬಣ್ಣಕ್ಕೂ ಎಲ್ಲರಿಗೂ ಸಲ್ಲುವ ಒಂದೇ ಅರ್ಥವಿಲ್ಲ. ಬಿಳಿ ಹಾಳೆಯ ಮೇಲೆ ಎಲ್ಲಕ್ಕಿಂತ ಗಟ್ಟಿಯಾಗಿ ಮೂಡುವುದು ಕಪ್ಪು. ಕಾರಣ ಅಷ್ಟು ಸರಳವಾಗಿಯೂ ಇರಬಹುದು. ನೀವು ಗಮನಿಸಬೇಕಾದದ್ದು ಬೇರೆ: ಗೀಚಿದ ಮೇಲೆ ಊಟಕ್ಕೆ ಏಳುತ್ತಾಳೆಯೇ, ಬೇಕೆಂದಾಗ ನಿಲ್ಲಿಸುವುದು ಅವಳಿಗೆ ಸಾಧ್ಯವೇ, ಅಂದಿನ ರಾತ್ರಿಯ ನಿದ್ದೆ ಹೇಗಿರುತ್ತದೆ.

ನಿಮ್ಮ ಮಾತಿನಲ್ಲಿ ಒಪ್ಪಬೇಕಾದದ್ದು ಇದೆ. ಗುಳಿಗೆಯನ್ನು ವೈದ್ಯರು ಹೇಳದೆ ನಿಲ್ಲಿಸಬೇಡಿ. ಆಘಾತಕ್ಕೆಂದೇ ರೂಪಿಸಿದ ಮಾತುಚಿಕಿತ್ಸೆಗಳಿವೆ, ಅವುಗಳ ಬೆನ್ನಿಗಿರುವಷ್ಟು ಪುರಾವೆ ಚಿತ್ರಕಲೆಯ ಬೆನ್ನಿಗೆ ಇನ್ನೂ ಕೂಡಿಲ್ಲ. ಕೆರೆದರೆ ಹಸಿಯಾಗುತ್ತದೆ ಎಂಬ ಅಂಜಿಕೆಗೂ ಆಧಾರವಿದೆ. ದುರ್ಘಟನೆಯ ಬೆನ್ನಿಗೇ ಜನರನ್ನು ಒಮ್ಮೆ ಕೂರಿಸಿ ನಡೆದದ್ದನ್ನೆಲ್ಲ ಹೇಳಿಸುವ ಪದ್ಧತಿಯೊಂದು ಬಹಳ ದೇಶಗಳಲ್ಲಿತ್ತು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2002ರ ಪರಿಶೀಲನೆ ಅದರಿಂದ ಮುಂದಿನ ತೊಂದರೆ ತಪ್ಪುವುದಿಲ್ಲ, ಕೆಲವರಿಗೆ ಕೇಡೂ ಆಗಬಹುದು ಎಂದಿತು. ಹಾಗಾಗಿ "ಹೇಳವಾ, ಅತ್ತು ಹಗುರಾಗು" ಎಂದು ಬಂದವರೆಲ್ಲ ಒತ್ತಾಯಿಸುತ್ತಿದ್ದರೆ ಅದನ್ನು ನಿಲ್ಲಿಸಿ.

ಆದರೆ ಒತ್ತಾಯಿಸಿ ಹೇಳಿಸುವುದೇ ಬೇರೆ, ಅವಳೇ ತನ್ನ ಕೈಯಿಂದ ಏನನ್ನಾದರೂ ಮಾಡುವುದೇ ಬೇರೆ. 1996ರಲ್ಲಿ ಅಮೆರಿಕದ ಸಂಶೋಧಕರು ಆಘಾತದಿಂದ ಬಳಲುತ್ತಿದ್ದ 8 ಜನರಿಗೆ ಅವರವರ ಅನುಭವವನ್ನೇ ಓದಿ ಕೇಳಿಸುತ್ತ ಮಿದುಳಿನ ಸ್ಕ್ಯಾನ್ ಮಾಡಿದರು. ಮಾತು ಕಟ್ಟುವ ಎಡಭಾಗದಲ್ಲಿ ರಕ್ತಸಂಚಾರ ಇಳಿದಿತ್ತು, ದೃಶ್ಯಕ್ಕೆ ಸಂಬಂಧಿಸಿದ ಭಾಗದಲ್ಲಿ ಏರಿತ್ತು. 8 ಜನರ ಅಧ್ಯಯನ ಸಣ್ಣದೇ. ಆದರೂ ಅಪಘಾತ ಕಂಡವರು "ಕಣ್ಣ ಮುಂದೆ ಬರತೈತಿ, ಹೇಳಾಕ ಬರೂದಿಲ್ಲ" ಎನ್ನುವುದಕ್ಕೆ ಅದು ತಾಳೆಯಾಗುತ್ತದೆ. ನಿಮ್ಮ ಹುಡುಗಿ ಹಟಕ್ಕೆ ಸುಮ್ಮನಿದ್ದಾಳೆಂದು ಮನೆಯವರು ತಿಳಿದಿದ್ದರೆ ಇದನ್ನು ಅವರಿಗೆ ಹೇಳಿ.

ಅಮೆರಿಕದ ಮನಶ್ಶಾಸ್ತ್ರ ಸಂಶೋಧಕರಾದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗವನ್ನೂ ನೋಡಿ. ಕಾಲೇಜು ವಿದ್ಯಾರ್ಥಿಗಳು 4 ದಿನ, ದಿನಕ್ಕೆ 15 ನಿಮಿಷ ತಮ್ಮ ಬದುಕಿನ ಅತಿ ಕಹಿ ಪ್ರಸಂಗವನ್ನು ಬರೆದರು. ನಡೆದದ್ದು, ಅನಿಸಿದ್ದು ಎರಡನ್ನೂ ಬರೆದವರಿಗೆ ಆ ಹೊತ್ತಿಗೆ ಮನಸ್ಸು ಇನ್ನಷ್ಟು ಕುಗ್ಗಿತು, ರಕ್ತದೊತ್ತಡವೂ ಏರಿತು. ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋಗುವುದು ಮಾತ್ರ ಅವರಲ್ಲಿ ಕಡಿಮೆಯಾಯಿತು. ಅಂದರೆ ಗೀಚಿದ ದಿನ ಅವಳ ಮುಖ ಬಾಡಿದ್ದರೆ ಚಿತ್ರ ಕೆಡಿಸಿತೆಂದು ಕೂಡಲೇ ತೀರ್ಮಾನಿಸಬೇಡಿ. ವಾರಗಳ ಮೇಲೆ ನೋಡಿ.

ಈಗ ಕೆಲಸದ ವಿವರ. ಹೊಸದಾಗಿ ಬೆದರಿದವರಿಗೆ ಎಲ್ಲ ಸಾಮಾನೂ ಆಗಿಬರುವುದಿಲ್ಲ. ಪೆನ್ಸಿಲ್, ಬಣ್ಣದ ಕಡ್ಡಿ, ಕತ್ತರಿಸಿ ಅಂಟಿಸುವ ಕಾಗದ ಹೇಳಿದಂತೆ ಕೇಳುತ್ತವೆ. ನೀರುಬಣ್ಣ ತಾನೇ ಹರಿಯುತ್ತದೆ, ಬೇಡವೆಂದ ಕಡೆಗೂ ಹೋಗುತ್ತದೆ, ಅದು ಹರಿದಂತೆ ಮನಸ್ಸೂ ಹಿಡಿತ ತಪ್ಪಬಹುದು. ಅದು ಆಮೇಲಿರಲಿ. ಹಾಳೆಯೂ ಸಣ್ಣದೇ ಸಾಕು, ದೊಡ್ಡ ಬಿಳಿ ಹಾಳೆ ಕಂಡರೆ ಕೈ ಹಿಂಜರಿಯುತ್ತದೆ. ಬೇಕಾದರೆ ಸುತ್ತಲೂ ಎರಡು ಬೆರಳು ಬಿಟ್ಟು ಅವಳೇ ಅಂಚು ಎಳೆಯಲಿ. ಬೆನ್ನು ಗೋಡೆಗೆ, ಕಣ್ಣು ಬಾಗಿಲಿಗೆ ಇರುವಂತೆ ಕೂರಲಿ. ರಸ್ತೆ ಕಡೆಯ ಪಡಸಾಲೆ ಬೇಡ, ಅಲ್ಲಿ ಲಾರಿ ಸದ್ದು ಇರುತ್ತದೆ. 30 ನಿಮಿಷದ ಮೇಲೆ ಎಳೆಯಬೇಡಿ. ಅದರಲ್ಲಿ ಕೊನೆಯ 10 ನಿಮಿಷ ಹೊರಗೆ ಬರುವುದಕ್ಕೆ: ಕೈ ತೊಳೆಯುವುದು, ಅಂಗಾಲು ನೆಲಕ್ಕೆ ಊರುವುದು, ಕಣ್ಣಿಗೆ ಕಾಣುವ 5 ವಸ್ತುಗಳ ಹೆಸರು ಹೇಳುವುದು. ಬಹಳ ಕಡೆ ತಪ್ಪುವುದು ಇಲ್ಲಿಯೇ. ಚಿತ್ರದ ನಡುವೆ "ಚಾ ಆರತೈತಿ, ಏಳು" ಎಂದು ಎಬ್ಬಿಸಿಬಿಡುತ್ತಾರೆ, ಅವಳು ಅರ್ಧ ಅಲ್ಲಿ ಅರ್ಧ ಇಲ್ಲಿ ಉಳಿಯುತ್ತಾಳೆ.

ಚಿತ್ರವೇ ಆಗಬೇಕೆಂದಿಲ್ಲ. ಧಾರವಾಡ ಸೀಮೆಯ ಹೆಣ್ಣುಮಕ್ಕಳ ಕೈಯಲ್ಲಿ ಕಸೂತಿ ಇದೆ, ಮತ್ತು ಚದುರಿದ ಗಮನಕ್ಕೆ ಅದರಷ್ಟು ಒಪ್ಪುವ ಕೆಲಸ ನಮಗೆ ಇನ್ನೊಂದು ಕಾಣುವುದಿಲ್ಲ. ಬಟ್ಟೆಯ ಮೇಲೆ ಗೆರೆ ಎಳೆಯದೆ ಎಳೆ ಎಣಿಸಿಯೇ ಹಾಕಬೇಕು. ಕಸೂತಿಯ ಗಾವಂತಿ ಎಂಬ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ತಿರುಗಿ ಬರುವಾಗ ಬಿಟ್ಟ ಜಾಗ ತುಂಬುವುದು. ಗಂಟು ಹಾಕುವಂತಿಲ್ಲ, ಮೇಲೆ ಕೆಳಗೆ ಎರಡೂ ಕಡೆ ಒಂದೇ ರೀತಿ ಕಾಣಬೇಕು. ಮನಸ್ಸು ಆ ರಸ್ತೆಗೆ ಓಡಿದರೆ ಎಣಿಕೆ ತಪ್ಪುತ್ತದೆ. ಒಂದು ಎಳೆ ತಪ್ಪಿದರೂ ನಕ್ಷೆಯ ತುದಿಗಳು ಕೂಡುವುದಿಲ್ಲ. ಆಗ ತಪ್ಪಿದ ಜಾಗ ಹುಡುಕಿ, ಅಲ್ಲಿಯವರೆಗೆ ಬಿಚ್ಚಿ, ಮತ್ತೆ ಹಾಕಬೇಕು. ಯಾವುದನ್ನೂ ತಿದ್ದಲಾಗದೆ ನಿಂತು ನೋಡಿದ ಹುಡುಗಿಗೆ, ತಪ್ಪು ಎಲ್ಲಾಯಿತೆಂದು ಸಿಗುವ ಮತ್ತು ತಿದ್ದಬಹುದಾದ ಕೆಲಸವೊಂದು ದಿನವೂ ಕೈಗೆ ಸಿಕ್ಕರೆ ಅದು ಸಣ್ಣ ಸಂಗತಿಯಲ್ಲ.

ಶುರುವಿಗೆ ಇಳಕಲ್ ಸೀರೆ ಬೇಡ, ಎಳೆ ಸಣ್ಣವು, ಕಣ್ಣು ನೋಯುತ್ತದೆ. ಅರ್ಧ ಮೀಟರ್ ಮ್ಯಾಟಿ ಬಟ್ಟೆ, ತುದಿ ಮೊಂಡಾದ ಸೂಜಿ, 6 ಎಳೆಯ ದಾರದಿಂದ ಬಿಡಿಸಿಕೊಂಡ 2 ಎಳೆ, ಒಂದು ಮೊಳದಷ್ಟು ಉದ್ದ. ಅದಕ್ಕಿಂತ ಉದ್ದವಾದರೆ ಸಿಕ್ಕಾಗುತ್ತದೆ, ಸಿಕ್ಕಾದರೆ ಅವಳು ಬಿಟ್ಟು ಏಳುತ್ತಾಳೆ. ಗೋಪುರ, ತೇರು, ಆನೆ ಅಂಬಾರಿ ಈಗಲೇ ಬೇಡ. ಮೆಂತಿ ಎಂಬ ಅಡ್ಡಹೊಲಿಗೆಯ ಒಂದು ಸಾಲು ಅಥವಾ ಗಾವಂತಿಯ ಸಣ್ಣ ಚೌಕ ಸಾಕು, ಒಂದೇ ಬೈಠಕ್ಕಿನಲ್ಲಿ ಮುಗಿಯಬೇಕು.

ಮಣ್ಣೂ ಒಳ್ಳೆಯದು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಕೈಗೆ ಯಾರೂ ಕಲಿಸಬೇಕಿಲ್ಲ. ಆದರೆ ನಿಮ್ಮ ಕಡೆಯ ಎರೆಮಣ್ಣು ಒಣಗುವಾಗ ಬಹಳ ಕುಗ್ಗುತ್ತದೆ, ಬಿರಿಯುತ್ತದೆ. ತಾನು ಮಾಡಿದ್ದು ಮರುದಿನ ಒಡೆದು ಬಿದ್ದದ್ದನ್ನು ಕಂಡರೆ ಅಂಥವರ ಎದೆ ಕುಸಿಯುತ್ತದೆ. ಜರಡಿ ಹಿಡಿದು, ರಾತ್ರಿಯೆಲ್ಲ ನೆನೆಸಿ, 4 ಪಾಲು ಮಣ್ಣಿಗೆ 1 ಪಾಲು ಸಣ್ಣ ಉಸುಕು ಬೆರೆಸಿ, ಚಿವುಟಿದ ಹತ್ತಿ ಸೇರಿಸಿ ಚೆನ್ನಾಗಿ ನಾದಿರಿ. ಬೆರಳಿಗಿಂತ ದಪ್ಪ ಬೇಡ. ಮೊದಲ ದಿನ ಹಸಿ ಬಟ್ಟೆ ಮುಚ್ಚಿ, ಆಮೇಲೆ ನೆರಳಲ್ಲಿ ಒಣಗಿಸಿ. ಬಿರಿಯಬಹುದೆಂದು ಮೊದಲೇ ಹೇಳಿಡಿ. ಬಿರಿದರೆ ನೀರು ಹಾಕಿ ಮತ್ತೆ ನಾದಬಹುದು ಎಂಬುದನ್ನೂ ಹೇಳಿ.

ಜೊತೆಗೆ ಕೂರುವವರು ಒಬ್ಬರೇ ಇರಲಿ, ಅವರ ಕೈಯಲ್ಲೂ ಒಂದು ಕೆಲಸವಿರಲಿ. "ಇದೇನು?", "ಯಾಕ ಹಿಂಗ ಬರದಿ?" ಎನ್ನಬಾರದು. "ಎಷ್ಟು ಚಂದ ಬರದೀಯ" ಎನ್ನುವುದೂ ಬೇಡ. ಹೊಗಳಿದರೆ ನಾಳೆಯಿಂದ ನಿಮಗೆ ಇಷ್ಟವಾಗುವ ಹೂವನ್ನೇ ಬರೆಯುತ್ತಾಳೆ. "ಎಲ್ಲಿಂದ ಶುರು ಮಾಡಿದೆವಾ?", "ಏನರ ಹೇಳಬೇಕನಸಿದ್ರ ಹೇಳು, ಇಲ್ಲಾಂದ್ರ ಇರಲಿ", ಇಷ್ಟು ಸಾಕು. ನಡುವೆ ಉಸಿರು ಬಿಗಿದರೆ, ನೋಟ ಒಂದೇ ಕಡೆ ನಟ್ಟರೆ, ಕರೆದರೂ ಓ ಎನ್ನದಿದ್ದರೆ ಕೆಲಸ ಅಲ್ಲಿಗೇ ನಿಲ್ಲಲಿ. ಮೆಲ್ಲಗೆ ಹೆಸರು ಹಿಡಿದು ಕರೆಯಿರಿ, ಇವತ್ತಿನ ವಾರ, ಕೂತಿರುವ ಮನೆ ಯಾವುದೆಂದು ಹೇಳಿ, ನೀರು ಕೊಡಿ. ಮೇಲಿಂದ ಮೇಲೆ ಹೀಗಾದರೆ, ಅಥವಾ ಸಾಯುವ ಮಾತು ಬಂದರೆ ವೈದ್ಯರಿಗೆ ಕೂಡಲೇ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ದಿನದ 24 ಗಂಟೆಯೂ ಕರೆ ಮಾಡಬಹುದು, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು.

ಇಷ್ಟರಿಂದ ಮನಸ್ಸು ತಂಗುತ್ತದೆ. ದನಿ ಬರುವುದು ಅದರ ಮುಂದಿನ ಮಾತು. ಬೇರೆಯವರು ಕೊಟ್ಟ ನಕ್ಷೆ ಬಿಟ್ಟು ತನ್ನದೊಂದನ್ನು ಆರಿಸಿಕೊಂಡ ದಿನ ಅದು ಶುರುವಾಗುತ್ತದೆ. 1973ರ ಸೈನಿಕ ದಂಗೆಯ ನಂತರ ಚಿಲಿ ದೇಶದಲ್ಲಿ ಗಂಡ, ಮಕ್ಕಳು ಕಾಣೆಯಾದ ಹೆಂಗಸರು ಗೋಣಿಬಟ್ಟೆಯ ಮೇಲೆ ಚಿಂದಿ ಹೊಲಿದು ತಮ್ಮ ಬೀದಿ, ತಮ್ಮ ಮನೆ, ಕಾಣೆಯಾದವರ ಕಥೆ ಮೂಡಿಸಿದರು. ಎಷ್ಟೋ ಸಲ ಆ ಚಿಂದಿ ಕಾಣೆಯಾದವರ ಅಂಗಿಯದೇ. ಬಾಯಿ ಬಿಡುವಂತಿಲ್ಲದ ಕಾಲದಲ್ಲಿ ಆ ಬಟ್ಟೆಗಳು ಚರ್ಚಿನ ನೆರವಿನಿಂದ ದೇಶ ದಾಟಿ ಹೋಗಿ ಸಾಕ್ಷಿ ನುಡಿದವು. ನಮ್ಮ ಕೌದಿಗೂ ಅದು ಸಾಧ್ಯ. ಹಳೇ ಸೀರೆ, ಧೋತರ ಒಂದರ ಮೇಲೊಂದು ಹಾಸಿ ಹೊಲಿಯುವಾಗ ಯಾರ ಬಟ್ಟೆ ಎಲ್ಲಿ ಬರಬೇಕೆಂದು ಹೊಲಿಯುವವಳೇ ಗೊತ್ತುಮಾಡುತ್ತಾಳೆ. ನಿಮ್ಮ ಹುಡುಗಿಯ ಗಂಡನ ಅಂಗಿಗಳನ್ನು ಯಾರಿಗಾದರೂ ಕೊಡುವ ಯೋಚನೆ ಮನೆಯಲ್ಲಿದ್ದರೆ ಅವಳನ್ನೊಮ್ಮೆ ಕೇಳಿ.

ಫ್ರೀಡ್ಲ್ ಡಿಕರ್ ಬ್ರಾಂಡೈಸ್ ಎಂಬ ಚಿತ್ರಕಾರ್ತಿ ನಾಜಿಗಳ ಟೆರೆಜೀನ್ ಶಿಬಿರದಲ್ಲಿ ಮಕ್ಕಳಿಗೆ ಚಿತ್ರ ಕಲಿಸಿದಳು. ಪ್ರತಿ ಹಾಳೆಯ ಮೇಲೂ ಮಗು ತನ್ನ ಹೆಸರು ಬರೆಯಲೇಬೇಕು ಎನ್ನುವುದು ಅವಳ ಹಟ. 1944ರಲ್ಲಿ ಆಶ್ವಿಟ್ಜ್‌ಗೆ ಸಾಗಿಸುವ ಮೊದಲು ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸುಗಳಲ್ಲಿ ತುಂಬಿ ಅಡಗಿಸಿದಳು. ಅವಳು ಉಳಿಯಲಿಲ್ಲ, ಹೆಚ್ಚಿನ ಮಕ್ಕಳೂ ಉಳಿಯಲಿಲ್ಲ. ಹೆಸರುಗಳು ಉಳಿದವು. ಚಿತ್ರ ಬರೆದರೆ ಗಾಯ ಮಾಯುತ್ತದೆಯೇ ಎಂದು ಆ ಮಕ್ಕಳ ಮುಂದೆ ಕೇಳಲಾಗದು. ಕಣ್ಣಿಲ್ಲದವರಿಗೆ ಸಂಗೀತ ಕಲಿಸುವ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಹಾಡಿದರೆ ಕಣ್ಣು ಬರುತ್ತವೆಯೇ ಎಂದೂ ಯಾರೂ ಕೇಳುವುದಿಲ್ಲ. ಅಲ್ಲಿಗೆ ಬಂದವರು ಕಂಠ ಪಡೆದು ಹೋಗುತ್ತಾರೆ, ಕೂತು ಕೇಳುವ ಮಂದಿಯನ್ನೂ ಪಡೆಯುತ್ತಾರೆ.

ಕೇಳುವ ಮಂದಿ ಎಂದೆವು. ನಮ್ಮ ಕೊರಗು ಇರುವುದು ಅಲ್ಲಿ. ಮೊಹರಂ ಬಂದರೆ ನಮ್ಮ ಹಳ್ಳಿಗಳಲ್ಲಿ ಜಾತಿ ಧರ್ಮ ನೋಡದೆ ಕೂಡಿ ಕರ್ಬಲಾದ ಸಾವನ್ನು ರಿವಾಯತ್ ಪದ ಕಟ್ಟಿ ಹಾಡುತ್ತಾರೆ. ದುಃಖವನ್ನು ಊರೇ ನಿಂತು ಕೇಳುವ ಪದ್ಧತಿ ಇಲ್ಲಿಯದೇ. ಈಗ ಅಂಥ ಕಡೆ ಸ್ಪರ್ಧೆ ಬಂದಿದೆ. ನೊಂದ ಹೆಂಗಸರಿಗೆ ತರಬೇತಿ ಎಂದರೆ ಒಂದು ಹೊಲಿಗೆ ಯಂತ್ರ, ಒಂದು ಪ್ರಮಾಣಪತ್ರ, ವೇದಿಕೆಯ ಮೇಲೊಂದು ಫೋಟೊ. "ಸಂತ್ರಸ್ತೆಯ ಕೈಚಳಕ" ಎಂಬ ಶೀರ್ಷಿಕೆಯಲ್ಲಿ ಪತ್ರಿಕೆಗಳು ಅದನ್ನು ಅಚ್ಚು ಹಾಕುತ್ತವೆ. 2009ರಲ್ಲಿ, ಮತ್ತೆ 2019ರಲ್ಲಿ ಮಲಪ್ರಭೆ ನರಗುಂದ, ರೋಣದ ಊರುಗಳಿಗೆ ನುಗ್ಗಿದಾಗ ಅಕ್ಕಿ, ಚಾದರ ಹಂಚಿದ್ದು ಸರಿಯೇ. ಪರಿಹಾರದ ಚೀಲದಲ್ಲಿ ಮಗುವಿಗೊಂದು ಡ್ರಾಯಿಂಗ್ ಪುಸ್ತಕ, 12 ಬಣ್ಣದ ಕಡ್ಡಿ ಇರಬೇಕೆಂಬುದು ಇನ್ನೂ ನಿಯಮವಾಗಬೇಕು. ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಚಿತ್ರಕಲೆಯ ಶಿಕ್ಷಕರಿಲ್ಲ, ಆ ತಾಸಿಗೆ ಗಣಿತ ನಡೆಯುತ್ತದೆ. ತಾವು ಜೀವಮಾನವೆಲ್ಲ ಶಾಲೆಯಲ್ಲಿ ಕಳೆದವರು. ಚಿತ್ರವನ್ನು ಮಕ್ಕಳಾಟವೆಂದು ಬದಿಗಿಟ್ಟದ್ದಕ್ಕೆ ನಾವೆಲ್ಲರೂ ಬೆಲೆ ತೆರುತ್ತಿದ್ದೇವೆ ಎಂದರೆ ನೊಂದುಕೊಳ್ಳಬೇಡಿ. ಕೇಳಬೇಕೆನಿಸಿ ಪತ್ರ ಬರೆದ ದೊಡ್ಡಪ್ಪ ಅವಳಿಗಿದ್ದಾರೆ ಎಂಬುದು ನಮಗೆ ಸಮಾಧಾನದ ಸಂಗತಿ.

ಕೊನೆಯದು. ಅವಳಿಗೆ ತಿಳಿಯದಂತೆ ಪುಸ್ತಕದಿಂದ ಎರಡು ಹಾಳೆ ಹರಿದು ಪತ್ರದ ಜೊತೆ ಇಟ್ಟಿದ್ದೀರಿ, ಅರ್ಥ ಹೇಳಿ, ಚೆನ್ನಾಗಿದ್ದರೆ ಅಚ್ಚು ಹಾಕಿ ಎಂದಿದ್ದೀರಿ. ನಾವು ಅವನ್ನು ಓದಲು ಹೋಗಿಲ್ಲ, ಅಚ್ಚೂ ಹಾಕುವುದಿಲ್ಲ. ಅವಳ ಅಪ್ಪಣೆಯಿಲ್ಲದೆ ಆ ಹಾಳೆಗಳನ್ನು ಯಾರಿಗೂ ತೋರಿಸುವ ಹಕ್ಕು ನಿಮಗಿಲ್ಲ, ನಮಗೂ ಇಲ್ಲ. ಎರಡನ್ನೂ ರಟ್ಟಿನ ನಡುವೆ ಇಟ್ಟು ಸ್ಪೀಡ್ ಪೋಸ್ಟಿನಲ್ಲಿ ನಿಮಗೆ ಕಳಿಸಿದ್ದೇವೆ. ನೀವೇ ಅವಳ ಕೈಗೆ ಕೊಟ್ಟು, ಕೇಳದೆ ಹರಿದೆನೆಂದು ಹೇಳಿ. ಹಾಳೆಗಳನ್ನು ಇಡಲು ದಾರ ಕಟ್ಟುವ ಒಂದು ಫೈಲು ಕೊಡಿಸಿ, ಅದನ್ನು ಅವಳ ಟ್ರಂಕಿನಲ್ಲಿಯೇ ಇಡಲಿ, ಕೀಲಿಯೂ ಅವಳ ಹತ್ತಿರವೇ ಇರಲಿ.

— ಸಂ.