ಅಮೆರಿಕದಲ್ಲಿ ಬಿಎಸ್–ಎಂಡಿ ಸೀಟಿಗೆ ಹೈಸ್ಕೂಲಿನಲ್ಲೇ ಹೇಗೆ ತಯಾರಾಗಬೇಕು?

ನಮ್ಮಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದರೆ ನೇರ ಎಂಬಿಬಿಎಸ್. ಅಮೆರಿಕದಲ್ಲಿ ಸಾಮಾನ್ಯವಾಗಿ 4 ವರ್ಷದ ಪದವಿ (ಬಿಎಸ್), ಎಂಕ್ಯಾಟ್ ಎಂಬ ವೈದ್ಯಕೀಯ ಪ್ರವೇಶ ಪರೀಕ್ಷೆ, ಆಮೇಲೆ 4 ವರ್ಷದ ಎಂಡಿ (ನಮ್ಮ ಎಂಬಿಬಿಎಸ್‌ನಂತೆ ಅಲ್ಲಿ ಡಾಕ್ಟರಾಗುವ ಮೊದಲ ಪದವಿ). ಪದವಿ, ಎಂಡಿ ಎರಡಕ್ಕೂ 12ನೇ ತರಗತಿಯಲ್ಲೇ ಜಾಗ ಹಿಡಿಯುವ ದಾರಿಯೇ ಬಿಎಸ್–ಎಂಡಿ. ಬ್ರೌನ್ ವಿಶ್ವವಿದ್ಯಾಲಯದ್ದು 8 ವರ್ಷ, ಎಂಕ್ಯಾಟ್ ಬೇಕಿಲ್ಲ. ಕಾನ್ಸಾಸ್ ಸಿಟಿಯ ಮಿಸೌರಿ ವಿಶ್ವವಿದ್ಯಾಲಯದ್ದು 6 ವರ್ಷ.

ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಬಯಾಲಜಿ, ಕೆಮಿಸ್ಟ್ರಿ, ಕ್ಯಾಲ್ಕುಲಸ್, ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಸಾಮಾನ್ಯವಾಗಿ ಬೇಕಾಗುತ್ತವೆ. ಆದರೆ ಇವು ಅರ್ಜಿ ಹಾಕುವ ಬಹುತೇಕ ಎಲ್ಲರ ಬಳಿಯೂ ಇರುತ್ತವೆ. ಸಂದರ್ಶನದಲ್ಲಿ ತಡವರಿಸುವುದು "ಡಾಕ್ಟರೇ ಯಾಕೆ, ನರ್ಸ್ ಯಾಕಲ್ಲ?" ಎಂಬ ಪ್ರಶ್ನೆಗೆ. "ಜನಸೇವೆ ಇಷ್ಟ" ಎಂದರೆ ನರ್ಸ್ ಮಾಡುವುದೂ ಅದನ್ನೇ ಅಲ್ಲವೇ! ಇದಕ್ಕೆ ಉತ್ತರ ಪುಸ್ತಕದಲ್ಲಿ ಸಿಗುವುದಿಲ್ಲ. ನಿಮ್ಮ ಮಗ ಅಥವಾ ಮಗಳು ಹತ್ತಿರದ ವೃದ್ಧಾಶ್ರಮಕ್ಕೆ ಪ್ರತಿ ಶನಿವಾರ ಹೋಗಲಿ. ಮರೆವಿನ ಕಾಯಿಲೆಯ ಅಜ್ಜಿ ತುತ್ತು ತಳ್ಳಿದಾಗ ನರ್ಸ್ ಏನು ಮಾಡಿದರು, ಡಾಕ್ಟರು ಬಂದು ಯಾವ ಮಾತ್ರೆ ಬದಲಿಸಿದರು, ಅಜ್ಜಿಯ ಮಗನಿಗೆ ಹೇಗೆ ವಿವರಿಸಿದರು ಎಂಬುದನ್ನು ಅಂದೇ ಬರೆದಿಡಲಿ (ರೋಗಿಯ ಹೆಸರು ಬೇಡ). ಪ್ರಬಂಧಕ್ಕೂ ಸಂದರ್ಶನಕ್ಕೂ ಅದೇ ಬಂಡವಾಳ. ದುಡ್ಡು ಕೊಟ್ಟು ಹೋಗುವ ಒಂದು ವಾರದ ವಿದೇಶಿ ಮೆಡಿಕಲ್ ಕ್ಯಾಂಪ್‌ಗಳ ಮೇಲೆ ನನಗೇನೂ ನಂಬಿಕೆಯಿಲ್ಲ.

18 ತುಂಬದವರನ್ನು ಎಷ್ಟೋ ಆಸ್ಪತ್ರೆಗಳು ಡಾಕ್ಟರ ಜೊತೆ ಓಡಾಡಲು ಬಿಡುವುದಿಲ್ಲ. ಪರಿಚಯದ ಚಿಕ್ಕ ಕ್ಲಿನಿಕ್ ಕೇಳಿನೋಡಿ.

ಎಚ್-4 ವೀಸಾದ (ಎಚ್-1ಬಿಯಂಥ ಕೆಲಸದ ವೀಸಾದಲ್ಲಿರುವವರ ಕುಟುಂಬಕ್ಕೆ ಸಿಗುವ ವೀಸಾ) ಮಕ್ಕಳಿದ್ದರೆ ಎಲ್ಲಕ್ಕಿಂತ ಮೊದಲು ಅರ್ಹತೆಯ ನಿಯಮ ಓದಿ. ಹಲವು ಕಾಲೇಜುಗಳು ಪೌರತ್ವ ಅಥವಾ ಗ್ರೀನ್ ಕಾರ್ಡ್ ಕೇಳುತ್ತವೆ, ಕೆಲವು ತಮ್ಮ ರಾಜ್ಯದವರಿಗೇ ಆದ್ಯತೆ ಕೊಡುತ್ತವೆ. ಕೊನೆಯ ದಿನಾಂಕವೂ ಎಷ್ಟೋ ಕಡೆ ನವೆಂಬರ್‌ನಲ್ಲೇ.